ಕಾಸರಗೋಡಿನಲ್ಲಿ ಯಕ್ಷಗಾನ ಕಲಿಸುವವರು ಇದ್ದಾರಾ ಅಂತ ಕೇಳಿದ್ದಿರಲ್ಲ

ಇದ್ದಾರೆ. ಬೇಕಾದಷ್ಟು ಜನ ಇದ್ದಾರೆ.

ಕಾಸರಗೋಡು ಕೇರಳದಲ್ಲಿ ಇರುವುದು ನಿಜ. ನೀವು ಬೆಂಗಳೂರಿನಲ್ಲಿ ರಾಜ್ಯೋತ್ಸವ ಮಾಡುವ ನವೆಂಬರ್ 1 ಉಂಟಲ್ಲ, 1956ರ ಅದೇ ದಿನ ನಾವು ಗಡಿಯ ಈಚೆ ಉಳಿದೆವು. ಆದರೆ ಯಕ್ಷಗಾನ ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿತ್ತು. ಯಕ್ಷಗಾನದ ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನ ಪಿತಾಮಹ ಅಂತ ನೀವೆಲ್ಲ ಹೇಳುವ ಕವಿ ಪಾರ್ತಿಸುಬ್ಬ ಕುಂಬಳೆಯವನು. ಕರ್ನಾಟಕ ಯಕ್ಷಗಾನ ಅಕಾಡೆಮಿ ಅವನ ಹೆಸರಲ್ಲೇ ಪ್ರಶಸ್ತಿ ಕೊಡುತ್ತದೆ, ಅವನ ಊರು ಮಾತ್ರ ಕೇರಳದ ನಕ್ಷೆಯಲ್ಲಿ ಉಂಟು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ದೊಡ್ಡ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರಾದ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನ ಶೇಣಿಯೂ ನಮ್ಮ ಜಿಲ್ಲೆಯದ್ದೇ. ಯಕ್ಷಗಾನದ ಪದ್ಯ ಹೇಳುವುದರಲ್ಲಿ ಹೆಸರಾದ ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ಇಲ್ಲಿಯ ಪಡ್ರೆಯಲ್ಲಿ. 2023ರಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆ ಮನೆಯ ಹಿರಿಯರು ಹೋದ ಹಾಗೆ ಆಯಿತು.

ನಿಮ್ಮ ಎರಡನೇ ಪ್ರಶ್ನೆ, ‘ಕಲಿಯುವ ಮಕ್ಕಳು ಕನ್ನಡದವರೇನಾ?’ ಅಂತ. ಇದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹತ್ತಿರದ ಭಜನಾ ಮಂದಿರದಲ್ಲಿ ಹಿಮ್ಮೇಳದ ಕ್ಲಾಸ್ ನಡೆಯುತ್ತದೆ. ಹಿಮ್ಮೇಳ ಅಂದರೆ ಭಾಗವತರ ಪದ್ಯ, ಚೆಂಡೆ, ಮದ್ದಳೆ. ಹದಿನೈದು ಇಪ್ಪತ್ತು ಮಕ್ಕಳು ಚಾಪೆ ಹಾಸಿ ಕೂತಿರುತ್ತಾರೆ. ಒಬ್ಬನ ಮನೆಯಲ್ಲಿ ತುಳು, ಪಕ್ಕದವನ ಮನೆಯಲ್ಲಿ ಕೊಂಕಣಿ, ಮತ್ತೊಬ್ಬಳ ಮನೆಯಲ್ಲಿ ಮಲಯಾಳ, ಇನ್ನೊಬ್ಬನದ್ದು ಕರಾಡ ಮರಾಠಿ. ಕನ್ನಡವೇ ಮನೆಮಾತಾದ ಮಕ್ಕಳೂ ಇದ್ದಾರೆ, ಆದರೆ ಅವರೇ ಜಾಸ್ತಿ ಅಂತ ನಾನು ಹೇಳಲಾರೆ. ಎಷ್ಟೋ ಮಕ್ಕಳು ಶಾಲೆಗೆ ಹೋಗುವುದು ಇಂಗ್ಲಿಷ್ ಅಥವಾ ಮಲಯಾಳ ಮೀಡಿಯಂಗೆ. ವಾರದಲ್ಲಿ ಅವರು ಸರಿಯಾಗಿ ಬಾಯಿ ಬಿಟ್ಟು ಕನ್ನಡ ಹೇಳುವುದು ಆ ಚಾಪೆಯ ಮೇಲೆ ಕೂತ ಎರಡು ಗಂಟೆ ಮಾತ್ರ.

ಗುರುಗಳು ಮೊದಲಿಗೆ ಮದ್ದಳೆ ಮುಟ್ಟಲು ಬಿಡುವುದಿಲ್ಲ. ಬಾಯಿತಾಳ ಬರಬೇಕು. ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಮದ್ದಳೆಯ ಮಾತು ಹೇಳಬೇಕು, ಏಕತಾಳ, ರೂಪಕ, ಝಂಪೆ, ತ್ರಿವುಡೆ ಹೀಗೆ ಒಂದೊಂದಾಗಿ. ಬಾಯಲ್ಲಿ ನಿಲ್ಲದ್ದು ಕೈಗೆ ಬರುವುದಿಲ್ಲ ಅಂತ ಅವರ ಲೆಕ್ಕ.

ಅಲ್ಲಿ ಮಲಯಾಳ ಮನೆಮಾತಿನ ಒಬ್ಬಳು ಹುಡುಗಿ ಇದ್ದಾಳೆ, ಆರನೇ ಕ್ಲಾಸ್. ಪದ್ಯದಲ್ಲಿ ‘ಕಂಡನು’ ಅಂತ ಬಂದರೆ ಅವಳ ಬಾಯಲ್ಲಿ ಅದು ‘ಕಂಡನ್’ ಆಗುತ್ತಿತ್ತು. ಕೊನೆಯ ಉಕಾರ ನುಂಗಿಹೋಗುತ್ತಿತ್ತು. ಗುರುಗಳು ಬೈಯಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ಮದ್ದಳೆ ತೊಡೆಯ ಮೇಲೆ ಇಟ್ಟುಕೊಂಡು, ‘ಇನ್ನೊಮ್ಮೆ ಹೇಳು ಮಗಾ’ ಅಂದರು. ಅವಳು ಹೇಳಿದಳು. ‘ನು’ ಬರಬೇಕಾದ ಜಾಗದಲ್ಲಿ ಅವರ ಪೆಟ್ಟು ಬಿತ್ತು, ಅವಳ ಮಾತು ಅಲ್ಲಿ ಇರಲಿಲ್ಲ. ಪೆಟ್ಟು ಒಂಟಿಯಾಗಿ ಕೇಳಿಸಿತು. ಮತ್ತೆ ಹೇಳಿಸಿದರು, ಮತ್ತೆ ಹಾಗೇ ಆಯಿತು. ಮೂರನೇ ಸಲಕ್ಕೆ ಅವಳಿಗೇ ಗೊತ್ತಾಯಿತು, ಅಲ್ಲಿ ಏನೋ ಬಿಟ್ಟುಹೋಗುತ್ತಾ ಇದೆ ಅಂತ. ‘ಕಂಡನೂ’ ಅಂತ ಸ್ವಲ್ಪ ಜಾಸ್ತಿಯೇ ಎಳೆದಳು. ಗುರುಗಳು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಕಿಟಕಿಯ ಹೊರಗೆ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಕನ್ನಡದ ಒಂದು ಅಕ್ಷರವನ್ನು ಹೀಗೆ ಕಲಿಸುವುದನ್ನು ನಾನು ಯಾವ ಶಾಲೆಯಲ್ಲೂ ನೋಡಿಲ್ಲ.

ಅದಕ್ಕೇ ಹೇಳುವುದು, ಇಲ್ಲಿ ಕನ್ನಡ ಹೇಗೆ ಉಳಿದಿದೆ ಅಂತ ನೋಡಲು ಬಂದವರು ಸುಮ್ನೆ ಅಂಗಡಿಗಳ ಬೋರ್ಡ್ ಎಣಿಸಿಕೊಂಡು ಹೋಗಬೇಡಿ. ಈ ಕ್ಲಾಸುಗಳಿಗೆ ಬನ್ನಿ.

ವೇಷ ಕಲಿಯುವ ಮಕ್ಕಳದ್ದು ಇನ್ನೊಂದು ಹಂತ. ನಾಟ್ಯ, ಗಿರಕಿ ಹೊಡೆದು ಹಾರುವ ದಿಗಿಣ ಎಲ್ಲ ಬಂದ ಮೇಲೆ ಮಾತು ಆಡಬೇಕು. ಮೊದಲು ಗುರುಗಳು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ನಿಧಾನಕ್ಕೆ ತಾವೇ ಮಾತು ಕಟ್ಟಲು ಶುರು ಮಾಡುತ್ತಾರೆ, ಯಾಕೆಂದರೆ ಆಟದಲ್ಲಿ ಮಾತು ಬರೆದಿಟ್ಟದ್ದಲ್ಲ, ಎದುರಿನ ವೇಷ ಏನು ಕೇಳುತ್ತದೋ ಅದಕ್ಕೆ ಆಗಲೇ ಉತ್ತರ ಕೊಡಬೇಕು. ಇಂಗ್ಲಿಷ್ ಪದ ಬಾಯಿ ತಪ್ಪಿಯೂ ಬರುವ ಹಾಗಿಲ್ಲ. ಮನೆಯಲ್ಲಿ ಕನ್ನಡ ಪೇಪರ್ ಓದದ ಹುಡುಗ ವೇದಿಕೆಯ ಮೇಲೆ ಅಂಗದನಾಗಿ ರಾವಣನ ಹತ್ತಿರ ಹತ್ತು ನಿಮಿಷ ವಾದ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚೆಂಡೆಯ ವಿಷಯವೂ ಕೇಳಿದ್ದಿರಿ. ಅದರ ಕಳಸಿಗೆ, ಅಂದರೆ ಒಳಗಿನ ಗೂಡು, ಹಲಸಿನ ಮರದ್ದು, ಮೇಲೆ ಬಿಗಿಯುವ ಮುಚ್ಚಿಗೆ ದನದ ಚರ್ಮದ್ದು. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಹೋದರೆ ಅಲ್ಲಿಯ ದೈವಾರಾಧನೆಯಾದ ತೆಯ್ಯಂಗೂ ಬಡಿಯುವುದು ಚೆಂಡೆಯನ್ನೇ. ಹಾಗಾಗಿ ರಿಪೇರಿ ಮಾಡುವವರ ಜಗಲಿಯಲ್ಲಿ ತೆಯ್ಯಂನ ಚೆಂಡೆ, ದೇವಸ್ಥಾನದ ಚೆಂಡೆ, ಯಕ್ಷಗಾನ ಮೇಳದ ಚೆಂಡೆ ಎಲ್ಲ ಸಾಲಾಗಿ ಇರುತ್ತವೆ. ಮದ್ದಳೆಯದ್ದು ಇನ್ನೂ ನಾಜೂಕು. ಅದರ ಬಲಗಡೆಯ ಮುಚ್ಚಿಗೆಯ ನಡುವೆ ಕರ್ಣ ಅನ್ನುವ ಕಪ್ಪು ಬೊಟ್ಟು ಉಂಟಲ್ಲ, ಅದಕ್ಕೆ ಅನ್ನ ಮತ್ತು ಕಬ್ಬಿಣದ ಕಿಟ್ಟದ ಪುಡಿ ಸೇರಿಸಿ ಅರೆದು, ಒಂದು ತೆಳು ಪದರ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ, ಅದು ಒಣಗಿದ ಮೇಲೆ ಮತ್ತೊಂದು ಪದರ. ಅವಸರ ಮಾಡಿದರೆ ಕರ್ಣ ಎದ್ದು ಬರುತ್ತದೆ. ನಮ್ಮ ಆಷಾಢದ ಮಳೆಗೆ ಚರ್ಮ ಸಡಿಲವಾಗಿ ಶ್ರುತಿ ಇಳಿದುಬಿಡುತ್ತದೆ, ಆಗ ಒಲೆಯ ಹತ್ತಿರ ಬೆಚ್ಚಗೆ ಇಡಬೇಕು. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಕಲಿಯಲು ಬರುವ ಹುಡುಗರು ಕಮ್ಮಿ, ನನಗೆ ನಿಜವಾದ ಚಿಂತೆ ಇದೇ. ಬಾರಿಸುವವರು ಸಿಗುತ್ತಾರೆ. ಮುಚ್ಚಿಗೆ ಹಾಕುವವರು ಇಲ್ಲದಿದ್ದರೆ ಬಾರಿಸುವುದು ಏನನ್ನು?

ವೇಷ ಹಾಕಿಕೊಳ್ಳುವ ಜಾಗವಾದ ಚೌಕಿಯಲ್ಲಿ ಒಮ್ಮೆಯಾದರೂ ಕೂತು ನೋಡಬೇಕು ನೀವು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾರೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಮುಳ್ಳಿನ ಹಾಗೆ ಎದ್ದು ನಿಲ್ಲಬೇಕು. ಕನ್ನಡಿ ಹಿಡಿದುಕೊಂಡು ಗಂಟೆಗಟ್ಟಲೆ ಕೂತಿರುತ್ತಾರೆ, ಮಾತಿಲ್ಲ, ನಗುವ ಹಾಗಿಲ್ಲ, ನಕ್ಕರೆ ಚಿಟ್ಟಿ ಬಿರಿಯುತ್ತದೆ. ಈಗ ಒಂದೆರಡು ಕಡೆ ರೆಡಿಮೇಡ್ ಅಂಟಿಸುವುದೂ ಶುರುವಾಗಿದೆ. ನನಗೆ ಅದು ಹಿಡಿಸುವುದಿಲ್ಲ.

ಹೆಣ್ಣುಮಕ್ಕಳು ಕಲಿಯುತ್ತಾರಾ ಅಂತ ನಿಮ್ಮ ಮನೆಯವರು ಕೇಳಿದರಂತೆ. ಕಲಿಯುತ್ತಾರೆ, ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರೇ. ದಾರಿ ಮಾಡಿಕೊಟ್ಟವರು ಲೀಲಾವತಿ ಬೈಪಾಡಿತ್ತಾಯರು. ಹುಟ್ಟಿದ್ದು ನಮ್ಮ ಮಧೂರಿನಲ್ಲಿ. ಮೊದಲು ಕಲಿತದ್ದು ಶಾಸ್ತ್ರೀಯ ಸಂಗೀತ. ಯಕ್ಷಗಾನ ಕಲಿತದ್ದು ಮದುವೆಯಾದ ಮೇಲೆ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ತೆಂಕುತಿಟ್ಟಿನಲ್ಲಿ ವೃತ್ತಿಮೇಳದ ಮೊದಲ ಮಹಿಳಾ ಭಾಗವತರು ಅವರು, ಗಂಡಸರೇ ತುಂಬಿದ ಮೇಳಗಳಲ್ಲಿ ರಾತ್ರಿಯಿಡೀ ಪದ್ಯ ಹೇಳಿದವರು. ಆಮೇಲೆ ಗಂಡ ಹೆಂಡತಿ ಇಬ್ಬರೂ ಎಷ್ಟೋ ಮಕ್ಕಳಿಗೆ ಕಲಿಸಿದರು. 2024ರ ಡಿಸೆಂಬರ್‌ನಲ್ಲಿ ಲೀಲಾವತಿಯಮ್ಮ ತೀರಿಕೊಂಡರು. ಈಗ ಭಾಗವತರ ಜಾಗಟೆ ಹಿಡಿದು ಕೂರುವ ಹುಡುಗಿಯರನ್ನು ಕಂಡಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಇನ್ನು ಹೊಟ್ಟೆಪಾಡು. ಮೇಳದಲ್ಲಿ ತಿರುಗಾಟ ಇರುವವರಿಗೆ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳಲ್ಲಿ ಆಟಗಳು ಮುಗಿಯುವ ಪತ್ತನಾಜೆ ದಿನದವರೆಗೆ ಸಂಬಳ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮುಂದಿನ ಆರು ತಿಂಗಳು ಮಳೆಗಾಲದ ತಾಳಮದ್ದಳೆ ಕೂಟ, ಕ್ಲಾಸು, ಅಡಿಕೆ ತೋಟದ ಕೆಲಸ. ಕ್ಲಾಸಿನ ಫೀಸು ಬಹಳ ಕಮ್ಮಿ, ಕೊಡಲಾಗದ ಮಕ್ಕಳನ್ನು ಯಾರೂ ವಾಪಸ್ ಕಳಿಸುವುದಿಲ್ಲ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಅದರಿಂದ ಗುರುಗಳಿಗೆ ಕೆಲಸ ಸಿಕ್ಕಿದೆ, ತೆಂಕಣ ಜಿಲ್ಲೆಗಳ ಶಾಲೆಗಳಲ್ಲೂ ಮಕ್ಕಳು ಗೆಜ್ಜೆ ಕಟ್ಟುತ್ತಾರೆ. ಕನ್ನಡ ಓದಲು ಬಾರದವರು ಮಾತನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತಾರೆ. ನನಗೆ ಅದು ತುಂಬ ಖುಷಿಯ ಸಂಗತಿ. ಬೇಸರವೂ ಉಂಟು. ಸ್ಪರ್ಧೆಗೆ ಬೇಕಾದ ಒಂದು ತುಣುಕು ಕಲಿತು, ಗ್ರೇಡ್ ಸಿಕ್ಕಿದ ಮೇಲೆ ಗೆಜ್ಜೆ ಬಿಚ್ಚಿಟ್ಟವರು ಮತ್ತೆ ಬರುವುದಿಲ್ಲ. ನನ್ನ ಅಕ್ಕನ ಮಗನ ತಂಡಕ್ಕೆ ಎರಡು ತಿಂಗಳು ದಿನಾ ಸಂಜೆ ಬಂದು ಕಲಿಸಿದ ಗುರುಗಳ ಹೆಸರನ್ನು ಶಾಲೆಯ ಅಭಿನಂದನಾ ಸಭೆಯಲ್ಲಿ ಯಾರೂ ಹೇಳಲಿಲ್ಲ. ಅವರ ದುಡ್ಡು ಕೈಗೆ ಬಂದದ್ದೂ ಐದು ತಿಂಗಳ ಮೇಲೆ. ಅವರು ಒಂದು ಮಾತು ಆಡಲಿಲ್ಲ, ನನಗೆ ಮಾತ್ರ ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ಬೊಂಬೆಯಾಟ ನೋಡುವ ಆಸೆ ಇದ್ದರೆ ಕಾಸರಗೋಡು ಪೇಟೆಯ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ್ದು ನೋಡಿ. ಸೂತ್ರದ ಬೊಂಬೆಗಳು, ತೆಂಕುತಿಟ್ಟಿನ ಅದೇ ವೇಷ. ಬೊಂಬೆ ದಿಗಿಣ ಹಾರುವಾಗ ಮಕ್ಕಳು ಎದ್ದು ನಿಲ್ಲುತ್ತಾರೆ.

ಯಾವಾಗ ಬರಲಿ ಅಂತ ಕೇಳಿದ್ದಿರಲ್ಲ. ಆಟ ನೋಡಲು ಆದರೆ ಜನವರಿಯಿಂದ ಏಪ್ರಿಲ್ ಒಳಗೆ ಬನ್ನಿ, ಯಾವುದಾದರೂ ಒಂದು ಗದ್ದೆಯಲ್ಲಿ ಹರಕೆಯಾಟ ಇದ್ದೇ ಇರುತ್ತದೆ. ಕ್ಲಾಸ್ ನೋಡಲು ಆದರೆ ಮಳೆಗಾಲದಲ್ಲಿ ಬನ್ನಿ. ಮಂಗಳೂರಿನಿಂದ ರೈಲಿನಲ್ಲಿ ಬಂದರೆ ಕುಂಬಳೆಯಲ್ಲಿ ಇಳಿಯಿರಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಒಂಬತ್ತೂವರೆಗೆ ಬಾಯಿತಾಳ ಶುರುವಾಗುತ್ತದೆ, ಅದಕ್ಕಿಂತ ಮೊದಲೇ ಬಂದು ಗೋಡೆಗೆ ಒರಗಿ ಕೂತುಕೊಳ್ಳಿ. ‘ಕಂಡನು’ ಹೇಳಿದ ಹುಡುಗಿ ಈಗ ತ್ರಿವುಡೆಗೆ ಬಂದಿದ್ದಾಳೆ.