ಮಗಳ ಶಾಲೆಗೆ ದೇಣಿಗೆ ಕೊಟ್ಟೆ, ರಸೀದಿ ಇದೆ. ತೆರಿಗೆ ವಿನಾಯಿತಿಗೆ ಅಷ್ಟೇ ಸಾಕಾ?

ಸಾಲದು. ಶಾಲೆ ನಡೆಸುವ ಟ್ರಸ್ಟ್ ಅಥವಾ ಸೊಸೈಟಿಗೆ 80ಜಿ ಮಾನ್ಯತೆ (ದೇಣಿಗೆಗೆ ವಿನಾಯಿತಿ ಕೊಡುವ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್) ಇರಬೇಕು. ರಸೀದಿಯಲ್ಲಿ ಶಾಲೆಯ ಬದಲು ಟ್ರಸ್ಟಿನ ಹೆಸರಿದ್ದರೆ ಗಾಬರಿ ಬೇಡ, ಅದೇ ಸರಿ.

2025-26ರಲ್ಲಿ ಕೊಟ್ಟ ಹಣದ ಲೆಕ್ಕ ಹೀಗೆ. ಟ್ರಸ್ಟ್ ನಿಮ್ಮ ಹೆಸರು, ಪ್ಯಾನ್, ಮೊತ್ತವನ್ನು ಫಾರ್ಮ್ 10ಬಿಡಿ ಎಂಬ ದೇಣಿಗೆ ವಿವರಪಟ್ಟಿಯಲ್ಲಿ ತುಂಬಿ, ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಲ್ಲಿಸಬೇಕು. ಆಮೇಲೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಿಂದ ಫಾರ್ಮ್ 10ಬಿಇ, ಅಂದರೆ ದೇಣಿಗೆ ಪ್ರಮಾಣಪತ್ರ, ಇಳಿಸಿ ನಿಮಗೆ ಕೊಡಬೇಕು. ನಿಮಗೆ ಬೇಕಾದ್ದು ಈ ಕಾಗದ. ಶಾಲೆಯ ಆಫೀಸಿನಲ್ಲಿ ಕೇಳದೆ ಇದು ಸಿಗೋದು ಅಪರೂಪ, ಸುಮ್ನೆ ಕಾಯಬೇಡಿ.

ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟಿದ್ದರೆ ವಿನಾಯಿತಿ ಇಲ್ಲ. ಬೆಂಚು, ಕಂಪ್ಯೂಟರ್ ಕೊಡಿಸಿದ್ದರೂ ಇಲ್ಲ. ಉಳಿದಂತೆ, ಸಾಮಾನ್ಯವಾಗಿ ಕೊಟ್ಟಿದ್ದರಲ್ಲಿ ಅರ್ಧವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಲೆಕ್ಕಕ್ಕೆ ಬರುವ ದೇಣಿಗೆಗೆ ಆದಾಯದ ಶೇ. 10ರ ಮಿತಿಯೂ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದ್ಯಾವುದೂ ಸಿಗದು.

ಇನ್ನು, ಅಡ್ಮಿಷನ್ ಹೊತ್ತಿಗೆ ‘ಡೊನೇಷನ್’ ಅಂತ ಕೇಳ್ತಾರಲ್ವಾ, ಅದು ದಾನವೇ ಅಲ್ಲ, ಸೀಟಿನ ಬೆಲೆ. ಕರ್ನಾಟಕದಲ್ಲಿ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಇರೋದೇ ಅದಕ್ಕೆ. ಅಂಥ ಹಣಕ್ಕೆ 80ಜಿ ರಸೀದಿ ಕೊಡ್ತೀವಿ ಅಂದರೆ ನಂಬಬೇಡಿ.