ಗೋದಾಮಿನಲ್ಲಿ ಯಾವ ಮೌಲ್ಯವರ್ಧಿತ ಸೇವೆ ಮೊದಲು ಶುರು ಮಾಡಿದರೆ ಲಾಭ?

ಬರೀ ದಾಸ್ತಾನು, ರವಾನೆ ಅಂತಿದ್ದರೆ ಏನೂ ಉಳಿಯುತ್ತಿಲ್ಲ, ಹಾಗಾಗಿ ಲೇಬಲ್ ಅಂಟಿಸುವುದು, ಹಲವು ವಸ್ತು ಸೇರಿಸಿ ಕಿಟ್ ಕಟ್ಟುವುದು, ಗ್ರಾಹಕರಿಂದ ವಾಪಸ್ ಬಂದ ಸರಕು ಅಂದರೆ ರಿಟರ್ನ್ಸ್ ನೋಡಿಕೊಳ್ಳುವುದು, ಇವುಗಳಲ್ಲಿ ಯಾವುದಕ್ಕೆ ಮಾರ್ಜಿನ್ ಜಾಸ್ತಿ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಈ ಕೆಲಸಕ್ಕೆ ಇಳಿದವನು. ನಮ್ಮ ಅತಿ ದೊಡ್ಡ ಗಿರಾಕಿ ಕೈಬಿಟ್ಟು ಹೋಗಿದ್ದೂ ಇದರಿಂದಲೇ.

ಆ ಗಿರಾಕಿಯದು ಶಾಂಪೂ, ಕಂಡೀಷನರ್, ಬಾಚಣಿಗೆ ವ್ಯಾಪಾರ. ಮೂರನ್ನೂ ಸೇರಿಸಿ ಒಂದು ಪೆಟ್ಟಿಗೆ ಮಾಡಿಕೊಡ್ತೀರಾ ಅಂದರು, ಧಾರಾಳವಾಗಿ ಅಂದೆ. ಲಾರಿಗೆ ಸರಕು ಹತ್ತಿಸಿ ಇಳಿಸುವ ಡಾಕ್ ಪಕ್ಕ ಮೇಜು ಹಾಕಿಸಿದೆ, ಪೆಟ್ಟಿಗೆಗೆ ಪ್ಲಾಸ್ಟಿಕ್ ಫಿಲ್ಮ್ ಬಿಗಿಯುವ ಶ್ರಿಂಕ್ ರ‍್ಯಾಪ್ ಯಂತ್ರ ತಂದೆ. ಒಬ್ಬ ಕೆಲಸಗಾರ ಒಂದು ಕಿಟ್ ಕಟ್ಟಲು ತೆಗೆದುಕೊಳ್ಳುವ ಸಮಯ ನೋಡಿ, ಡಬ್ಬ, ಟೇಪಿನ ಖರ್ಚು ಸೇರಿಸಿ ದರ ಹೇಳಿದೆ. ದರದಲ್ಲೂ ತಪ್ಪಿತ್ತು. ಸರಕನ್ನು ಮೇಜಿಗೆ ತರುವುದು, ಎಣಿಸುವುದು, ಕಟ್ಟಿದ ಮೇಲೆ ಮತ್ತೆ ರ‍್ಯಾಕಿಗೆ ಏರಿಸುವುದು, ಒಂದು ವಸ್ತು ಬರಲಿಲ್ಲವೆಂದು ಆಳುಗಳು ಸುಮ್ಮನೆ ಕೂರುವುದು, ಯಾವುದೂ ಅದರಲ್ಲಿ ಇರಲಿಲ್ಲ. ಅದನ್ನು ಮುಂದಿನ ಒಪ್ಪಂದದಲ್ಲಿ ಸರಿಮಾಡಬಹುದಿತ್ತು. ನಮ್ಮನ್ನು ಮುಳುಗಿಸಿದ್ದು ಬೇರೆಯದು, ಅದನ್ನು ಬಿಡಿಸಿ ಹೇಳಲೇಬೇಕು.

ಗೋದಾಮಿನ ಲೆಕ್ಕ ಇಡುವ ನಮ್ಮ ಸಾಫ್ಟ್‌ವೇರ್ ಡಬ್ಲ್ಯುಎಂಎಸ್‌ನಲ್ಲಿ ಆ ಕಿಟ್ ಎಂಬ ವಸ್ತುವೇ ಇರಲಿಲ್ಲ. ವಸ್ತುವನ್ನು ಗುರುತಿಸುವ ಸಂಕೇತ ಅಂದರೆ ಎಸ್‌ಕೆಯು ಇಲ್ಲ, ಒಳಗೆ ಏನೇನು ಎಷ್ಟೆಷ್ಟು ಎಂದು ಹೇಳುವ ಬಿಲ್ ಆಫ್ ಮೆಟೀರಿಯಲ್ಸ್ ಇಲ್ಲ, ಇಷ್ಟು ಕಟ್ಟಿ ಎಂದು ಹೇಳುವ ವರ್ಕ್ ಆರ್ಡರ್ ಇಲ್ಲ. ಪ್ಯಾಲೆಟ್ ಎಳೆದುಕೊಂಡು ಬಂದು ಕಟ್ಟುವುದು, ಎಷ್ಟು ಕಿಟ್ ಆಯಿತು ಅಂತ ಎಕ್ಸೆಲ್‌ನಲ್ಲಿ ಬರೆದಿಡುವುದು, ಅಷ್ಟೇ. ಸಿಸ್ಟಮ್ ಪ್ರಕಾರ ಶಾಂಪೂ ಬಾಟಲಿಗಳೆಲ್ಲ ಹಳೆಯ ರ‍್ಯಾಕಿನಲ್ಲೇ ಇದ್ದವು, ಮಾರಾಟಕ್ಕೆ ಲಭ್ಯ. ಗಿರಾಕಿಯ ವೆಬ್‌ಸೈಟ್ ಅದನ್ನು ನಂಬಿ ಬಿಡಿ ಶಾಂಪೂ ಮಾರುತ್ತಲೇ ಹೋಯಿತು. ಯಾವ ಸರಕು ತೆಗೆಯಬೇಕೆಂಬ ಚೀಟಿ, ಅಂದರೆ ಪಿಕ್ ಸ್ಲಿಪ್ ಹಿಡಿದು ಹೋದ ಹುಡುಗನಿಗೆ ರ‍್ಯಾಕ್ ಖಾಲಿ. ಸಂಜೆಯ ಲಾರಿ ಹೊರಡಬೇಕು, ಅವನೇನು ಮಾಡಿಯಾನು? ಕಟ್ಟಿಟ್ಟ ಕಿಟ್ ಒಂದನ್ನು ಬಿಚ್ಚಿ ಶಾಂಪೂ ತೆಗೆದು ಕಳಿಸಿದ. ಉಳಿದ ಪೆಟ್ಟಿಗೆಯ ಮುಚ್ಚಳ ಮುಚ್ಚಿ ರಾಶಿಯ ಮೇಲಿಟ್ಟ. ಇನ್ನೊಬ್ಬ ಅದಕ್ಕೆ ಫಿಲ್ಮ್ ಸುತ್ತಿಲ್ಲವೆಂದು ಮತ್ತೆ ಯಂತ್ರದೊಳಗೆ ಹಾಯಿಸಿದ. ಬಾಚಣಿಗೆ, ಕಂಡೀಷನರ್ ಮಾತ್ರ ಇದ್ದ ಪೆಟ್ಟಿಗೆ ಹೊಚ್ಚಹೊಸ ಕಿಟ್‌ನಂತೆ ಮಿರಮಿರ ಮಿಂಚುತ್ತಾ ಗ್ರಾಹಕರ ಮನೆ ತಲುಪಿತು.

ದೂರುಗಳು ಶುರುವಾದ ಮೇಲೆ ಎಣಿಸಲು ಕೂತರೆ ಯಾವ ಅಂಕಿಯೂ ತಾಳೆಯಾಗಲಿಲ್ಲ, ಯಾಕೆಂದರೆ ಎಲ್ಲಿ ತಪ್ಪಿತು ಅಂತ ಹುಡುಕಲು ದಾಖಲೆಯೇ ಇರಲಿಲ್ಲ. ಆ ಹುಡುಗರನ್ನು ನಾನು ದೂರುವುದಿಲ್ಲ. ಸಿಸ್ಟಮ್ ಹೊರಗೆ ಕೆಲಸ ಮಾಡಿಸಿದ್ದು ನಾನು.

ಆಗಬೇಕಿದ್ದದ್ದು ಇಷ್ಟು. ಕಿಟ್‌ಗೆ ಅದರದೇ ಎಸ್‌ಕೆಯು, ಅದರದೇ ಬಾರ್‌ಕೋಡ್. ವರ್ಕ್ ಆರ್ಡರ್ ತೆರೆದ ಕ್ಷಣ ಬಿಡಿ ವಸ್ತುಗಳು ಮೀಸಲಾಗಿ, ಮಾರಾಟದ ಲೆಕ್ಕದಿಂದ ಹೊರಬೀಳಬೇಕು. ಕಟ್ಟಿ ಮುಗಿದಾಗ ಅವು ಕಳೆದು, ಕಿಟ್ ಸಂಖ್ಯೆ ಏರಬೇಕು. ಒಡೆದದ್ದು, ಸೋರಿದ್ದು ಬೇರೆ ಸಾಲಿಗೆ. ಬಿಚ್ಚಬೇಕಾದರೆ ಅದಕ್ಕೂ ಉಲ್ಟಾ ವರ್ಕ್ ಆರ್ಡರ್. ಒಟ್ಟಿಗೆ ತಯಾರಾದ ಸರಕಿನ ಗುರುತು, ಅಂದರೆ ಲಾಟ್ ನಂಬರ್ ಕೂಡ ಕಿಟ್‌ಗೆ ಅಂಟಿಕೊಂಡೇ ಬರಬೇಕು. ಕಿಟ್‌ನ ಎಕ್ಸ್‌ಪೈರಿ ಅಂದರೆ ಒಳಗಿರುವವುಗಳಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವ ವಸ್ತುವಿನ ದಿನಾಂಕ. ನಾಳೆ ಒಂದು ಲಾಟ್ ವಾಪಸ್ ಕರೆಸಿಕೊಳ್ಳಿ ಅಂದರೆ ಅದು ಯಾವ ಕಿಟ್‌ಗಳಲ್ಲಿದೆ ಅಂತ ಹೇಳಲು ಬರಬೇಕು. ಪಾರದರ್ಶಕ ಫಿಲ್ಮ್ ಸುತ್ತಿದರೆ ಒಳಗಿನ ಬಾಟಲಿಯ ಬಾರ್‌ಕೋಡ್ ಮುಚ್ಚುವುದನ್ನು ಮರೆಯಬೇಡಿ. ಸ್ಕ್ಯಾನರ್‌ಗೆ ಯಾವುದು ಮೊದಲು ಸಿಗುತ್ತದೋ ಅದನ್ನೇ ಓದುತ್ತದೆ, ಇಡೀ ಕಿಟ್ ಒಂದು ಶಾಂಪೂ ಆಗಿ ನಮೂದಾಗುತ್ತದೆ.

ಹಾಗಾಗಿ ಯಾವುದಕ್ಕೆ ಮಾರ್ಜಿನ್ ಜಾಸ್ತಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಗ ನೀವು ಮಾಡುತ್ತಿರುವುದು ಸರಕಿನ ಜಾಗ ಬದಲಿಸುವ ಕೆಲಸ. ಮೌಲ್ಯವರ್ಧಿತ ಸೇವೆಯಲ್ಲಿ ಸರಕಿನ ಗುರುತೇ ಬದಲಾಗುತ್ತದೆ. ಒಳಗೆ ಬಂದದ್ದು ಒಂದು ವಸ್ತು, ಹೊರಗೆ ಹೋಗುವುದು ಇನ್ನೊಂದು. ಆ ಬದಲಾವಣೆಯನ್ನು ನಿಮ್ಮ ಸಾಫ್ಟ್‌ವೇರ್ ಬರೆದಿಡಲಾರದು ಅಂದರೆ ಮಾರ್ಜಿನ್ ಎಷ್ಟಿದ್ದರೂ ಕೈ ಹಾಕಬೇಡಿ.

ಬರೆದಿಟ್ಟರೆ ಇದರ ಶಕ್ತಿ ದೊಡ್ಡದು, ಅದನ್ನೂ ಹೇಳುತ್ತೇನೆ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಡೆಸ್ಕ್‌ಜೆಟ್ ಪ್ರಿಂಟರ್ ಕಥೆ ಈ ಕ್ಷೇತ್ರದವರು ಓದಲೇಬೇಕಾದದ್ದು. ಮೊದಲು ಯೂರೋಪಿನ ಒಂದೊಂದು ದೇಶಕ್ಕೂ ಬೇಕಾದ ಪ್ಲಗ್, ಕೈಪಿಡಿ ಎಲ್ಲ ಕಾರ್ಖಾನೆಯಲ್ಲೇ ಸೇರಿಸಿ ಹಡಗಿಗೆ ಹಾಕುತ್ತಿದ್ದರು. ಒಂದು ದೇಶದಲ್ಲಿ ಮಾಲು ಕೊಳೆಯುತ್ತಿದ್ದರೆ ಇನ್ನೊಂದರಲ್ಲಿ ಕೊರತೆ. ಆಮೇಲೆ ಎಲ್ಲರಿಗೂ ಒಂದೇ ಪ್ರಿಂಟರ್ ಕಳಿಸಿ, ಪವರ್ ಸಪ್ಲೈ, ಕೈಪಿಡಿಗಳನ್ನು ವಿತರಣಾ ಕೇಂದ್ರದಲ್ಲೇ ಸೇರಿಸತೊಡಗಿದರು. ದಾಸ್ತಾನು ಇಳಿಯಿತು. ಅಲ್ಲಿ ಗೋದಾಮು ಕಾರ್ಖಾನೆಯ ಕೊನೆಯ ಮೇಜಾಯಿತು, ಕಾರ್ಖಾನೆಗೆ ಬೇಕಾದ ಶಿಸ್ತೂ ಅದರ ಹೆಗಲಿಗೇ ಬಂತು.

ನನ್ನನ್ನು ಕೇಳಿದರೆ, ಈಗಿರುವ ಒಬ್ಬ ಗಿರಾಕಿಯ ಒಂದೇ ವಸ್ತುವಿಗೆ ಲೇಬಲ್ ಕೆಲಸದಿಂದ ಶುರು ಮಾಡಿ. ಕಿಟ್ ಆಮೇಲೆ, ಅದೂ ಕಡಿಮೆ ವಸ್ತುಗಳದ್ದು. ಒಂದೊಂದು ವಸ್ತುವನ್ನು ಸರಿಯಾಗಿ ಹಾಕುವ ಪ್ರಮಾಣ ಶೇ. 99 ಅಂದುಕೊಳ್ಳಿ, 5 ವಸ್ತುಗಳ ಕಿಟ್ ಪೂರ್ತಿ ಸರಿಯಿರುವುದು ಶೇ. 95ರಷ್ಟು, 10 ವಸ್ತುಗಳಾದರೆ ಶೇ. 90ರಷ್ಟು ಮಾತ್ರ. ಅದಕ್ಕೇ ಕಟ್ಟಿದ ಪ್ರತಿ ಕಿಟ್ ತಕ್ಕಡಿ ಹತ್ತಲಿ, ಒಂದು ಬಾಟಲಿ ಕಡಿಮೆಯಿದ್ದರೆ ತೂಕವೇ ಹೇಳುತ್ತದೆ. ಬಾಚಣಿಗೆಯಂಥ ಹಗುರ ವಸ್ತುವನ್ನು ಮಾತ್ರ ಸ್ಕ್ಯಾನ್ ಮಾಡಿಸಿ.

ರಿಟರ್ನ್ಸ್ ಸದ್ಯಕ್ಕೆ ಬೇಡವೇ ಬೇಡ. ಒಂದೊಂದು ಪೀಸಿಗೂ ಇದು ಮತ್ತೆ ಮಾರಬಹುದೇ, ರಿಪೇರಿಗೋ, ಕಸಕ್ಕೋ ಎಂದು ತೀರ್ಮಾನಿಸಬೇಕು. ಆ ಮಾನದಂಡವನ್ನು ಗಿರಾಕಿ ಫೋಟೊ ಸಮೇತ ಬರೆದುಕೊಡದೆ ಮುಟ್ಟಿದರೆ ಪ್ರತಿ ಪೀಸಿಗೂ ಜಗಳ.

ಗಿರಾಕಿ ಜೊತೆ ಮಾತಾಡುವ ಮೊದಲು ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇದೊಂದು ಮಾಡಿ ನೋಡಿ: ಸುಳ್ಳು ಕಿಟ್ ಒಂದನ್ನು ಸೃಷ್ಟಿಸಿ, 10 ಕಿಟ್‌ಗೆ ವರ್ಕ್ ಆರ್ಡರ್ ತೆರೆಯಿರಿ, 6 ಮುಗಿದಾಗ ರದ್ದು ಮಾಡಿ. ಉಳಿದ 4 ಕಿಟ್‌ಗಳ ಬಿಡಿ ವಸ್ತುಗಳು ತಾವಾಗಿ ಮಾರಾಟದ ಲೆಕ್ಕಕ್ಕೆ ಮರಳಿದವೇ ಅಂತ ನೋಡಿ. ಮರಳದಿದ್ದರೆ ಶ್ರಿಂಕ್ ರ‍್ಯಾಪ್ ಯಂತ್ರಕ್ಕೆ ಎತ್ತಿಟ್ಟ ಹಣವನ್ನು ಮೊದಲು ಸಾಫ್ಟ್‌ವೇರ್‌ಗೆ ಹಾಕಿ.