ಅಟ್ಟದ ಮೇಲಿನ ಅರವತ್ತಮೂರು ಡಬ್ಬಿಗಳು

ಪಾರ್ಸಲ್ ಊಟ, ಐಸ್‌ಕ್ರೀಮ್, ಮೊಸರು, ಬಿಸ್ಕತ್ತು ಮುಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಡಬ್ಬಿಗಳನ್ನು ಏನು ಮಾಡುವುದು ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಗೃಹವಿಜ್ಞಾನದ ನಿವೃತ್ತ ಅಧ್ಯಾಪಕಿ. ಈಗ ಮಹಿಳೆಯರ ಸ್ವಸಹಾಯ ಸಂಘಗಳಿಗೆ ಆಹಾರ ಸಂಸ್ಕರಣೆಯ ತರಬೇತಿ ನೀಡುತ್ತಾರೆ.

ಪಾರ್ಸಲ್ ಬಂದ ಡಬ್ಬಿಗಳನ್ನೆಲ್ಲ ಅತ್ತೆಯವರು ತೊಳೆದು ಅಟ್ಟಕ್ಕೇರಿಸುತ್ತಾರೆ. ಮೊನ್ನೆ ಎಣಿಸಿದರೆ ಡಬ್ಬಿ ಅರವತ್ತಮೂರು, ಮುಚ್ಚಳ ನಲವತ್ತು. ಎಸೆಯಲು ಬಿಡುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?
— ಗೃಹಿಣಿ, ಕಾರವಾರ

ಮೊದಲು ಅತ್ತೆಯವರ ಪರವಾಗಿ ಒಂದು ಮಾತು. ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಮನೆಗೆ ಬಂದರೆ ಅದಕ್ಕಾಗಿ ನಾದಿನಿಯರು ಜಗಳವಾಡುತ್ತಿದ್ದ ಕಾಲದಲ್ಲಿ ಅವರು ಸಂಸಾರ ಹೂಡಿದವರು. ಮುಚ್ಚಳವಿರುವ ಗಟ್ಟಿ ಡಬ್ಬಿಯನ್ನು ಬಿಸಾಡುವುದು ಅವರಿಗೆ ಅನ್ನ ಚೆಲ್ಲಿದಷ್ಟೇ ಕಷ್ಟ. ಆದರೆ ಮುಚ್ಚಳವಿಲ್ಲದ ಇಪ್ಪತ್ತಮೂರು ಡಬ್ಬಿಗಳ ಮೇಲೆ ಅವರಿಗೂ ಅಷ್ಟೊಂದು ಮಮಕಾರ ಇರಲಾರದು. ಅಲ್ಲಿಂದಲೇ ಶುರು ಮಾಡಿ.

ಉಳಿದವನ್ನು ಒಂದೊಂದಾಗಿ ಬೋರಲು ಹಾಕಿ ತಳ ನೋಡಿ. ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತದೆಯೇ ಹೊರತು ಡಬ್ಬಿಯ ಗುಣಮಟ್ಟಕ್ಕೆ ಕೊಟ್ಟ ಅಂಕವಲ್ಲ. 5 ಎಂದಿದ್ದರೆ ಪಾಲಿಪ್ರೊಪಿಲೀನ್. ಐಸ್‌ಕ್ರೀಮ್ ಡಬ್ಬ, ಬಿರಿಯಾನಿ ಬರುವ ಡಬ್ಬಿ ಹೆಚ್ಚಾಗಿ ಇದೇ. ಇದ್ದುದರಲ್ಲಿ ಬಿಸಿ ತಡೆಯುವುದು ಇದು. 1 ಎಂದಿದ್ದರೆ ಪೆಟ್: ಗಾಜಿನಂತೆ ಹೊಳೆಯುವ ಬಿಸ್ಕತ್ತು, ಉಪ್ಪಿನಕಾಯಿ, ಜೇನುತುಪ್ಪದ ಬಾಟಲಿಗಳು. ನೋಡಲು ಚೆಂದ, ಆದರೆ 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. 2 ಎಂದರೆ ಎಣ್ಣೆಯ ಕ್ಯಾನುಗಳ ದಪ್ಪ ಪ್ಲಾಸ್ಟಿಕ್. 6 ಎಂದಿರುವ ಪಾಲಿಸ್ಟೈರೀನ್ ಲೋಟ, ತಟ್ಟೆಗಳು ಹಿಚುಕಿದರೆ ಚಟ್ಟನೆ ಸೀಳುತ್ತವೆ. ಅವು ಮತ್ತೆ ಊಟ ಇಡುವುದಕ್ಕಲ್ಲ. ಅಂಕಿಯೇ ಇಲ್ಲದವನ್ನೂ ಅದೇ ಗುಂಪಿಗೆ ಸೇರಿಸಿ.

ಪೆಟ್ ಬಾಟಲಿಯ ವಿಷಯ ನಾನು ಪಾಠ ಮಾಡುವುದಕ್ಕಿಂತ ಮೊದಲು ಪೆಟ್ಟು ತಿಂದೇ ಕಲಿತದ್ದು. ಆಲೆಮನೆಯಿಂದ ತಂದ ಜೋನಿ ಬೆಲ್ಲ ಇನ್ನೂ ಬಿಸಿಯಿತ್ತು. ಐದು ಲೀಟರಿನ ತಗಡಿನ ಡಬ್ಬ ತುಂಬಿ ಸ್ವಲ್ಪ ಮಿಕ್ಕಿತು. ಹೊಳೆಯುವ ಬಾಟಲಿಯೊಂದು ಕೈಗೆ ಸಿಕ್ಕಿತು, ಸುರಿದೆ. ಬಾಟಲಿ ಮೊದಲು ಸೊಂಟದಲ್ಲಿ ಸಣ್ಣಗಾಯಿತು, ಆಮೇಲೆ ಹಣ್ಣುಮುದುಕಿಯಂತೆ ಒಂದು ಪಕ್ಕಕ್ಕೆ ಬಾಗಿ ಕುಳಿತಿತು. ಕಟ್ಟೆಯ ಮೇಲೆ ಹರಿದ ಬೆಲ್ಲಕ್ಕೆ ಎರಡು ದಿನ ಇರುವೆ ಜಾತ್ರೆ. ಬಿಸಿ, ಎಣ್ಣೆ, ಹುಳಿ ಈ ಮೂರೂ ಪ್ಲಾಸ್ಟಿಕ್ಕಿಗೆ ಆಗದವು. ಮೂರೂ ಒಟ್ಟಿಗಿರುವ ಸಾರು, ಗಸಿ, ಮೀನುಸಾರನ್ನು ಹಳೆಯ ಡಬ್ಬಿಗೆ ಬಿಸಿಬಿಸಿಯಾಗಿ ಹಾಕಲೇಬೇಡಿ. ಮೈಕ್ರೋವೇವಿನಲ್ಲಿ ಇಡುವುದನ್ನೂ ಬಿಡಿ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು 2023ರಲ್ಲಿ ಪರೀಕ್ಷಿಸಿದಾಗ, ಮೂರೇ ನಿಮಿಷ ಮೈಕ್ರೋವೇವಿನಲ್ಲಿಟ್ಟ ಪ್ಲಾಸ್ಟಿಕ್ ಪಾತ್ರೆಯ ಒಂದು ಚದರ ಸೆಂಟಿಮೀಟರಿನಿಂದ ಲಕ್ಷಗಟ್ಟಲೆ ಸೂಕ್ಷ್ಮ ಕಣಗಳು ಬಿಡುಗಡೆಯಾಗಿದ್ದವು.

ಅತ್ತೆಯವರಿಗೆ ಒಪ್ಪಿಗೆಯಾಗುವಂಥ ಒಂದು ಕ್ರಮ ಹೇಳುತ್ತೇನೆ. ಡಬ್ಬಿ ಮೆಟ್ಟಿಲು ಇಳಿಯಬಹುದು, ಹತ್ತಬಾರದು. ಊಟ ಬಂದ ಡಬ್ಬಿ ಮೊದಲು ಒಣ ಸಾಮಾನಿಗೆ ಇಳಿಯಲಿ: ಸಾಸಿವೆ, ಉದ್ದಿನಬೇಳೆ, ಒಣಮೆಣಸು. ಗೀರು ಬಿದ್ದು ಮಂಕಾದ ಮೇಲೆ ಸೂಜಿ, ದಾರ, ಗುಂಡಿ, ಮೊಳೆ, ಮೊಬೈಲಿನ ತಂತಿ, ಗಾಳ. ಕೊನೆಗೆ ಹಿತ್ತಲು. ಮೊಳೆಯ ಡಬ್ಬಿಯನ್ನು ತೊಳೆದು ಸಕ್ಕರೆ ತುಂಬುವುದು, ಬ್ಲೀಚಿಂಗ್ ಪುಡಿ ಇಟ್ಟ ಡಬ್ಬಿಯಲ್ಲಿ ಮಗುವಿನ ತಿಂಡಿ ಇಡುವುದು ಬೇಡ. ನಾನು ಒಣ ಸಾಮಾನಿನ ಡಬ್ಬಿಗೆ ಮುಚ್ಚಳದ ಮೇಲೆ ಒಂದು ಗೀಟು, ಮೊಳೆಯ ಡಬ್ಬಿಗೆ ಎರಡು, ಹಿತ್ತಲಿನದಕ್ಕೆ ಮೂರು ಗೀಟು ಹಾಕುತ್ತೇನೆ. ಅಷ್ಟೇ ಲೆಕ್ಕ.

ಹೀಗೆ ವಿಂಗಡಿಸಿದರೆ ನಿಮಗೆ ಹದಿನೈದಕ್ಕಿಂತ ಹೆಚ್ಚು ಬೇಕಾಗಲಾರದು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದದ್ದು ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಂಥವು. ಪಾರ್ಸಲ್ ಡಬ್ಬಿ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಹದಿನಾರನೆಯದು ಬಂದೇ ಬರುತ್ತದೆ. ಹೋಟೆಲಿಗೆ ಸ್ಟೀಲ್ ಕ್ಯಾರಿಯರ್ ಒಯ್ಯುವ ಕೆಲಸವನ್ನು ಮಕ್ಕಳಿಗೆ ಹಚ್ಚಿ, ಹೊರಗಿನ ಊಟ ಬೇಕೆನ್ನುವವರು ಅವರೇ ತಾನೇ.

ಮಗ ಪುಣೆಯಲ್ಲಿದ್ದಾನೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿ ಕಳಿಸಬಹುದೇ? ಅಂಗಡಿಯ ಉಪ್ಪಿನಕಾಯಿಯೂ ಪ್ಲಾಸ್ಟಿಕ್ಕಿನಲ್ಲೇ ಬರುತ್ತದಲ್ಲ?
— ಓದುಗರು, ಶಿರಸಿ

ಕಳಿಸಬಹುದು, ಇಡಬಾರದು. ಅಂಗಡಿಯ ಉಪ್ಪಿನಕಾಯಿ ತುಂಬುವುದು ಹೊಸ ಬಾಟಲಿಗೆ, ಅದೂ ಒಮ್ಮೆ ಮಾತ್ರ. ನಿಮ್ಮ ಡಬ್ಬಿಯಲ್ಲಿ ಚಮಚ ಆಡಿ ಗೀರುಗಳಾಗಿವೆ. ಆ ಗೀರುಗಳೊಳಗೆ ಹಾಲಿನ ಕೊಬ್ಬು ಕೂತಿದೆ. ಮಿಡಿ ಉಪ್ಪಿನಲ್ಲಿ ಚಿರುಟಿ, ಸೊನೆ ಬಿಟ್ಟು, ಖಾರ ಬೆರೆತು ಹದವಾಗಲು ಬೇಕಾದ ತಿಂಗಳುಗಳನ್ನು ಅದು ಭರಣಿಯಲ್ಲೇ ಕಳೆಯಲಿ. ಉಪ್ಪುನೀರಿಗೂ ಸೊನೆಗೂ ಜಗ್ಗದ ಪಾತ್ರೆಯೆಂದರೆ ಪಿಂಗಾಣಿ ಮತ್ತು ಗಾಜು. ಪ್ರಯಾಣದ ಎರಡು ದಿನಕ್ಕೆ ಮಾತ್ರ, ಐಸ್‌ಕ್ರೀಮ್ ಡಬ್ಬಿ ಬೇಡ, ತಿರುಪಿನ ಮುಚ್ಚಳದ ಉಪ್ಪಿನಕಾಯಿ ಬಾಟಲಿಯನ್ನೇ ತೊಳೆದು, ಬಿಸಿಲಿಗೆ ಒಣಗಿಸಿ ತುಂಬಿ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ. ತಲುಪಿದ ದಿನವೇ ಗಾಜಿನ ಬಾಟಲಿಗೆ ವರ್ಗಾಯಿಸಲು ಮಗನಿಗೆ ಫೋನ್ ಮಾಡಿ ಹೇಳಿ. ಅವನು ಮಾಡುವುದಿಲ್ಲ. ಆದ್ದರಿಂದ ಬಟ್ಟೆ ಸುತ್ತಿದ ಗಾಜಿನ ಬಾಟಲಿಯಲ್ಲೇ ಕಳಿಸುವುದು ಒಳ್ಳೆಯದು.

ಮೀನು ಇಟ್ಟ ಡಬ್ಬಿಯ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ಅರಿಸಿನದ ಕಲೆ ಬೇರೆ. ಎಸೆಯಲೇ?
— ಓದುಗರು, ಅಂಕೋಲಾ

ಎಸೆಯಬೇಡಿ, ಅದನ್ನು ಮೀನಿಗೇ ಬಿಟ್ಟುಕೊಡಿ. ಬಿಸಿನೀರು ಹಾಕಿ ತೊಳೆದದ್ದೇ ಬಹುಶಃ ತಪ್ಪಾಗಿದೆ. ಬಿಸಿಗೆ ಮೀನಿನ ಲೋಳೆ ಬೆಂದು ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರು, ಕೊನೆಗೆ ಹುಳಿ. ಬಂಗಡೆಯ ವಾಸನೆ ಕ್ಷಾರ ಗುಣದ್ದು, ಹುಳಿ ತಾಗಿದರೆ ಅಡಗುತ್ತದೆ. ಲಿಂಬೆಸಿಪ್ಪೆಯಾದರೂ ಸರಿ, ಮುರುಗಲು ಸಿಪ್ಪೆ ನೆನೆಸಿದ ನೀರಾದರೂ ಸರಿ, ಅರ್ಧ ಗಂಟೆ ತುಂಬಿಡಿ. ಎಣ್ಣೆಯ ಜಿಡ್ಡಿದ್ದರೆ ನೀರು ಮುಟ್ಟಿಸುವ ಮೊದಲೇ ಕಡಲೆಹಿಟ್ಟು ಉದುರಿಸಿ ಒರೆಸಿ. ಒಲೆಯ ಬೂದಿ ಸ್ಟೀಲಿಗೆ ಸರಿ, ಪ್ಲಾಸ್ಟಿಕ್ಕನ್ನು ಗೀರಿಬಿಡುತ್ತದೆ. ಅರಿಸಿನದ ಕಲೆಗೆ ಉಜ್ಜುವ ಕೆಲಸವೇ ಬೇಡ. ಅದರ ಬಣ್ಣ ಬಿಸಿಲಿಗೆ ತಾಳುವುದಿಲ್ಲ, ಎರಡು ದಿನ ಅಂಗಳದಲ್ಲಿ ಇಟ್ಟರೆ ತಾನಾಗಿ ಮಾಸುತ್ತದೆ.

ಈಗ ಆ ಡಬ್ಬಿಯ ಒಳ್ಳೆಯ ಉಪಯೋಗ ಹೇಳುತ್ತೇನೆ. ಕುಮಟಾದಲ್ಲಿ ಮೀನು ಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಒಯ್ಯುವ ನೆಂಟರು ನಿಮಗೂ ಇರಬಹುದು. ಲೀಟರಿನ ಡಬ್ಬಿಗೆ ನೀರು ತುಂಬಿ, ಮೇಲೆ ಒಂದು ಅಂಗುಲ ಖಾಲಿ ಬಿಟ್ಟು, ರಾತ್ರಿಯಿಡೀ ಫ್ರೀಜರಿನಲ್ಲಿಡಿ. ನೀರು ಗಟ್ಟಿಯಾಗುವಾಗ ಹತ್ತರಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಡಬ್ಬಿ ಬಿರಿಯುತ್ತದೆ. ಗಟ್ಟಿಯಾದ ಮೇಲೆ ಮುಚ್ಚಳ ಹಾಕಿ ಮೀನಿನ ಚೀಲದ ಎರಡೂ ಬದಿಗೆ ಒಂದೊಂದು ಇಟ್ಟು, ಗೋಣಿ ಸುತ್ತಿ. ಪುಡಿಮಂಜು ಬೇಗ ಕರಗುತ್ತದೆ, ಗಡ್ಡೆ ನಿಧಾನ. ಕರಗಿದರೂ ನೀರು ಡಬ್ಬಿಯೊಳಗೇ ನಿಲ್ಲುತ್ತದೆ. ಮೀನು ನೀರಲ್ಲಿ ನೆನೆದು ಬೆಳ್ಳಗಾಗುವುದಿಲ್ಲ, ಬಸ್ಸಿನಲ್ಲಿ ಪಕ್ಕದವರ ಬೈಗುಳವೂ ಇಲ್ಲ. ಸಿಗಡಿಯನ್ನು ಸುಲಿದು ಮುಳುಗುವಷ್ಟು ನೀರಿನೊಂದಿಗೆ ಇಂಥ ಡಬ್ಬಿಯಲ್ಲೇ ಹೆಪ್ಪುಗಟ್ಟಿಸಿದರೆ ಒಣಗಿ ನಾರಾಗುವುದಿಲ್ಲ.

ಎರಡನೇ ನಂಬರಿನ ಎಣ್ಣೆ ಕ್ಯಾನಿನ ಬುಡವನ್ನು ಓರೆಯಾಗಿ ಕತ್ತರಿಸಿ, ಹಿಡಿಕೆ ಹಾಗೇ ಉಳಿಸಿಕೊಂಡು ದೋಣಿಯ ನೀರು ಮೊಗೆಯುವವರನ್ನು ನೀವು ನೋಡಿಯೇ ಇರುತ್ತೀರಿ. ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಜಾಣ ಮರುಬಳಕೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಮನೆಯಲ್ಲಿ ಅದೇ ಮೊಗೆ ಗೊಬ್ಬರ, ಮರಳು, ಕೋಳಿಯ ಕಾಳಿಗೆ ಆಗುತ್ತದೆ.

ಹಲಸಿನ ಹಪ್ಪಳ ಆಷಾಢದೊಳಗೇ ಮೆತ್ತಗಾಗುತ್ತದೆ. ಯಾವ ಡಬ್ಬಿ ಒಳ್ಳೆಯದು?
— ಓದುಗರು, ಯಲ್ಲಾಪುರ

ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ ಹಿಡಿಯಿರಿ. ಗುಳ್ಳೆ ಬಂದರೆ ಅದರಲ್ಲಿ ಹಪ್ಪಳ ಇಡಬೇಡಿ. ಐಸ್‌ಕ್ರೀಮ್ ಡಬ್ಬಿಗಳು ಹೆಚ್ಚಾಗಿ ಇಲ್ಲೇ ಸೋಲುತ್ತವೆ, ತಿರುಪಿನ ಬಾಟಲಿಗಳು ಪಾಸಾಗುತ್ತವೆ. ಗೆದ್ದ ಬಾಟಲಿಯ ತಳಕ್ಕೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯ ಗಂಟು ಹಾಕಿ, ಹದಿನೈದು ದಿನಕ್ಕೊಮ್ಮೆ ಆ ಅಕ್ಕಿಯನ್ನು ಮತ್ತೆ ಬೆಚ್ಚಗೆ ಮಾಡಿ. ದೊಡ್ಡ ಡಬ್ಬಿಯೊಂದರ ಬದಲು ಸಣ್ಣವು ನಾಲ್ಕಿರಲಿ. ದಿನವೂ ತೆರೆಯುವ ಡಬ್ಬಿಗೆ ದಿನವೂ ಮಳೆಗಾಲ.

ಹಿತ್ತಲಿನಲ್ಲಿ ಡಬ್ಬಿಗಳಲ್ಲಿ ಸಸಿ ಮಾಡಬೇಕೆಂದಿದ್ದೇನೆ. ಮೆಣಸಿನ ಬಳ್ಳಿ ಬೇರು ಬರಿಸಲೂ ಆಗುತ್ತದೆಯೇ?
— ಓದುಗರು, ಹೊನ್ನಾವರ

ಆಗುತ್ತದೆ. ಕಾಳುಮೆಣಸಿಗೆ ಐಸ್‌ಕ್ರೀಮ್ ಡಬ್ಬಿ ಸಾಲದು, ಆಳ ಬೇಕು. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ. ಒಳಗೆ ಬೆಳಕು ಹೋದರೆ ಪಾಚಿ ಕಟ್ಟುತ್ತದೆ, ಬೇರಿಗೂ ಬೆಳಕು ಹಿತವಲ್ಲ. ಹೊರಗಿನಿಂದ ಅಡಿಕೆ ಹಾಳೆಯ ತುಂಡು ಸುತ್ತಿ ಕಟ್ಟಿ. ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆಗೊಬ್ಬರ ಒಂದು. ಬುಡದಲ್ಲಿ ಹರಿಯುವ ಹಬ್ಬು ಬಳ್ಳಿಯನ್ನು ಫೆಬ್ರವರಿ, ಮಾರ್ಚಿನಲ್ಲಿ ಎರಡು ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ಒಂದು ಗೆಣ್ಣಾದರೂ ಮಣ್ಣೊಳಗಿರುವಂತೆ ನೆರಳಿನಲ್ಲಿ ನಡಿ. ಮಳೆ ಹಿಡಿಯುವ ಹೊತ್ತಿಗೆ ನಾಟಿಗೆ ಬರುತ್ತದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಹಸಿಮೆಣಸು, ಬದನೆ, ಹರಿವೆ ಬೀಜ ಹಾಕಿ, ಸೂರಿನ ನೀರು ನೇರ ಬೀಳದಲ್ಲಿ ಇಡಿ. ಬಿಳಿ ಮುಚ್ಚಳವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪೆನ್ಸಿಲಿನಿಂದ ತಳಿಯ ಹೆಸರು ಬರೆದು ಚುಚ್ಚಿ. ಪೆನ್ನಿನ ಬರಹ ಮಳೆಗೆ ಹೋಗುತ್ತದೆ, ಪೆನ್ಸಿಲಿನದು ಉಳಿಯುತ್ತದೆ.

ತಳದ ತೂತುಗಳನ್ನು ಮರೆಯಬೇಡಿ. ಇದು ಗಿಡಕ್ಕಿಂತ ಹೆಚ್ಚಾಗಿ ನಿಮ್ಮ ಆರೋಗ್ಯದ ಮಾತು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಕೆರೆ, ಗದ್ದೆ ಬೇಡ. ಹಿತ್ತಲಿನಲ್ಲಿ ಬಾಯ್ದೆರೆದು ಬಿದ್ದ ಮೊಸರಿನ ಡಬ್ಬಿಯಲ್ಲಿ ನಾಲ್ಕು ಚಮಚ ಮಳೆನೀರು ನಿಂತರೂ ಸಾಕು. ಅದು ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿನಲ್ಲಿ ಡಬ್ಬಿಯ ಒಳಗೋಡೆಗೆ. ಕರಿ ಎಳ್ಳಿಗಿಂತ ಸಣ್ಣ ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮುಂದಿನ ಮಳೆಗೆ ಡಬ್ಬಿ ತುಂಬಿದಾಗ ಒಡೆಯುತ್ತವೆ, ಏಳರಿಂದ ಹತ್ತು ದಿನದಲ್ಲಿ ಸೊಳ್ಳೆ. ಆದ್ದರಿಂದ ನೀರು ಚೆಲ್ಲಿದರೆ ಮುಗಿಯುವುದಿಲ್ಲ, ತೆಂಗಿನ ನಾರಿನಿಂದ ಒಳಗೋಡೆಯನ್ನು ವಾರಕ್ಕೊಮ್ಮೆ ಉಜ್ಜಬೇಕು. ಹಕ್ಕಿಗೆ ನೀರಿಡುವ ಡಬ್ಬಿಗೂ ಇದೇ ಮಾತು. ಮಳೆಗಾಲಕ್ಕೆ ಮುಂಚೆ ಹಿತ್ತಲಿನ ಖಾಲಿ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಒಳಗೆ ತನ್ನಿ.

ಬಿಸಿಲಿನಲ್ಲಿಟ್ಟ ಡಬ್ಬಿ ವರ್ಷದೊಳಗೆ ಕೈಯಲ್ಲೇ ಪುಡಿಯಾಗತೊಡಗುತ್ತದೆ. ಪುಡಿಯಾಗುವವರೆಗೆ ಕಾಯಬೇಡಿ. ಮಣ್ಣಿಗೆ ಸೇರಿದ ಚೂರುಗಳನ್ನು ಹೆಕ್ಕಿ ತೆಗೆಯಲಾಗದು.

ಮಾವನವರು ಹಳೆಯ ಡಬ್ಬಿಗಳನ್ನು ಬಚ್ಚಲೊಲೆಗೆ ಹಾಕುತ್ತಾರೆ. ಮಳೆಗಾಲದಲ್ಲಿ ಸೌದೆ ಹಸಿ, ಪ್ಲಾಸ್ಟಿಕ್ ಹಾಕಿದರೆ ಬೇಗ ಹತ್ತಿಕೊಳ್ಳುತ್ತದೆ ಎನ್ನುತ್ತಾರೆ. ಹೇಗೆ ಬಿಡಿಸುವುದು?
— ಸೊಸೆ, ಸಿದ್ದಾಪುರ

ಮಾವನವರು ಹೇಳುವುದು ಸುಳ್ಳಲ್ಲ, ಪ್ಲಾಸ್ಟಿಕ್ ಬಂದದ್ದೇ ಪೆಟ್ರೋಲಿಯಂನಿಂದ, ಚೆನ್ನಾಗಿಯೇ ಉರಿಯುತ್ತದೆ. ತೊಂದರೆ ಇರುವುದು ಹೊಗೆಯಲ್ಲಿ. ಬಚ್ಚಲೊಲೆಯ ಉರಿ ಅದನ್ನು ಪೂರ್ತಿ ಸುಡುವಷ್ಟು ತೀವ್ರವಲ್ಲ. ಡಬ್ಬಿಯ ಜೊತೆ ಪಿವಿಸಿ ಪೈಪಿನ ತುಂಡೋ ರೆಕ್ಸಿನ್ ಚೂರೋ ಸೇರಿದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವವರು ಉಸಿರಾಡುವುದು ಅದನ್ನೇ. ಅದೇ ಒಲೆಯ ಬೂದಿಯನ್ನು ನಾಳೆ ಬಸಳೆ ಬುಡಕ್ಕೆ ಹಾಕುವವರೂ ಮಾವನವರೇ ಆಗಿರಬೇಕು. ಬಸಳೆಯ ಕಡೆಯಿಂದ ಮಾತು ತೆಗೆದರೆ ಬೇಗ ಕೇಳಿಸಿಕೊಂಡಾರು.

ಹಳೆಯ ಡಬ್ಬಿಗಳನ್ನು ತೊಳೆದು, ಒಣಗಿಸಿ, ಒಂದರೊಳಗೊಂದು ಕೂರಿಸಿ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ. ಜಿಡ್ಡು ಮೆತ್ತಿದ್ದನ್ನು ಗುಜರಿಯವರೂ ಒಲ್ಲರು. ಗಟ್ಟಿಯಾದ ಎರಡನ್ನು ಮಾತ್ರ ಎತ್ತಿಟ್ಟುಕೊಳ್ಳಿ. ಬೇಸಿಗೆಯಲ್ಲೇ ಒಂದಕ್ಕೆ ಬಿಡಿಸಿದ ಒಣ ತೆಂಗಿನ ನಾರು, ಇನ್ನೊಂದಕ್ಕೆ ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆ ಒತ್ತಿ ತುಂಬಿ, ಮುಚ್ಚಳ ಬಿಗಿದು, ಕಿಡಿ ಹಾರದಷ್ಟು ದೂರದಲ್ಲಿ ಬಚ್ಚಲಿನ ಗೂಡಿನಲ್ಲಿಡಿ. ಜುಲೈ ತಿಂಗಳ ಹಸಿ ಸೌದೆಗೂ ಒಂದು ಹಿಡಿ ನಾರಿನಿಂದ ಉರಿ ಹತ್ತುತ್ತದೆ.